ನೀಲಿ ಬಿಡಿ, ಚುಕ್ಕೆ ನೋಡಿ

ಮೈಸೂರಲ್ಲಿ ಚಿಟ್ಟೆ ನೋಡಲು ಶುರು ಮಾಡಿದವರೆಲ್ಲ ಬೇಗ ಸೋಲುವುದು ಹೆಸರು ಹೇಳಲು ತಿಣುಕಿಸುವ ಈ ಪುಟ್ಟ ನೀಲಿ ಚಿಟ್ಟೆಗಳ ಮುಂದೆ. ಕುಕ್ಕರಹಳ್ಳಿ ಕೆರೆಯ ದಾರಿಯ ಪಕ್ಕ, ಲಿಂಗಾಂಬುಧಿ ಕೆರೆಯ ಹುಲ್ಲಿನಲ್ಲಿ, ನಮ್ಮ ಮನೆ ಮುಂದಿನ ಖಾಲಿ ಸೈಟಿನಲ್ಲೂ ಇವು ಇವೆ. ಉಗುರಿನಷ್ಟು ಗಾತ್ರ, ನೆಲಕ್ಕೆ ಅಂಟಿಕೊಂಡಂಥ ಹಾರಾಟ. ಹುಲ್ಲಿನ ನೀಲಿಗಳಲ್ಲಿ ನಾನು ಬೇರ್ಪಡಿಸಲು ಕಲಿತದ್ದು ನಾಲ್ಕನ್ನು: ಪೇಲ್ ಗ್ರಾಸ್ ಬ್ಲೂ, ಡಾರ್ಕ್ ಗ್ರಾಸ್ ಬ್ಲೂ, ಲೆಸ್ಸರ್ ಗ್ರಾಸ್ ಬ್ಲೂ, ಟೈನಿ ಗ್ರಾಸ್ ಬ್ಲೂ.

ಕಲಿತದ್ದರಲ್ಲಿ ಮುಖ್ಯವಾದದ್ದು ಒಂದೇ. ಹೆಸರು ಹೇಳಲು ನೀಲಿ ಬಣ್ಣವನ್ನು ನಂಬಬಾರದು. ಬಿಸಿಲು ಬೀಳುವ ಕೋನ ಬದಲಾದರೆ ನೀಲಿಯೂ ಬದಲಾಗುತ್ತದೆ. ಮೇಲಾಗಿ ಈ ನಾಲ್ಕರಲ್ಲೂ ಹೆಣ್ಣುಗಳು ಮೇಲ್ಭಾಗದಲ್ಲಿ ಹೆಚ್ಚಾಗಿ ಕಂದು. ಹಾಗಾಗಿ ಚಿಟ್ಟೆ ರೆಕ್ಕೆ ಮಡಚುವ ತನಕ ಕಾಯುತ್ತೇನೆ. ಬೂದು ಬಣ್ಣದ ಅಡಿಭಾಗದಲ್ಲಿರುವ ಚುಕ್ಕೆಗಳಲ್ಲೇ ಉತ್ತರ ಇರುತ್ತದೆ.

ಮೊದಲು ಮುಂದಿನ ರೆಕ್ಕೆ. ಅದರ ನಡುವೆ ಒಂದು ಸಣ್ಣ ಅಡ್ಡಗೀಟು ಇರುತ್ತದೆ. ಆ ಗೀಟಿಗೂ ಮೈಗೂ ಮಧ್ಯದಲ್ಲಿ ಒಂದು ಚುಕ್ಕೆ ಇದೆಯಾ ಅಂತ ನೋಡುತ್ತೇನೆ. ಇದ್ದರೆ ಪೇಲ್ ಅಥವಾ ಡಾರ್ಕ್. ಲೆಸ್ಸರ್‌ನಲ್ಲಿ ಆ ಜಾಗ ಖಾಲಿ. ಇಲ್ಲೊಂದು ತೊಡಕಿದೆ. ಚಿಟ್ಟೆ ಆರಾಮಾಗಿ ಕೂತರೆ ಮುಂದಿನ ರೆಕ್ಕೆಯನ್ನು ಹಿಂದಿನದರ ಮರೆಗೆ ಇಳಿಸಿಕೊಳ್ಳುತ್ತದೆ, ಚುಕ್ಕೆ ಮುಚ್ಚಿಹೋಗುತ್ತದೆ. ಆಗ ತಾನೇ ಬಂದು ಕೂತಾಗ, ಇಲ್ಲವೇ ಹೂವಿನ ಮೇಲೆ ರಸ ಹೀರುವಾಗ ರೆಕ್ಕೆ ಮೇಲಕ್ಕೆ ಎತ್ತಿರುತ್ತದೆ. ಫೋಟೋ ತೆಗೆಯಬೇಕಾದ್ದು ಆ ಕ್ಷಣದಲ್ಲೇ. ಪೂರ್ತಿ ಪಕ್ಕದಿಂದ, ಹುಲ್ಲಿನ ಮಟ್ಟಕ್ಕೆ ಫೋನ್ ಇಳಿಸಿ. ನಮ್ಮ ನೆರಳು ಅದರ ಮೇಲೆ ಬಿತ್ತೋ, ಹಾರಿ ಹೋಯಿತು ಅಂತಲೇ ಲೆಕ್ಕ.

ಆಮೇಲೆ ಹಿಂದಿನ ರೆಕ್ಕೆ. ಅಲ್ಲಿ ಚುಕ್ಕೆಗಳ ಒಂದು ಬಾಗಿದ ಸಾಲಿದೆ. ಡಾರ್ಕ್‌ನಲ್ಲಿ ಅದು ಒಂದೇ ಸಮನೆ ಬಾಗುತ್ತದೆ. ಲೆಸ್ಸರ್‌ನಲ್ಲಿ ಮೇಲಿನಿಂದ ಎರಡನೆಯ ಚುಕ್ಕೆ ಸಾಲು ಬಿಟ್ಟು ಮೈ ಕಡೆಗೆ ಸರಿದಿರುತ್ತದೆ, ಕ್ಯೂನಲ್ಲಿ ಒಬ್ಬರು ಒಂದು ಹೆಜ್ಜೆ ಒಳಗೆ ನಿಂತ ಹಾಗೆ. ಒಮ್ಮೆ ಕಂಡರೆ ಸಾಕು, ಆಮೇಲೆ ಪ್ರತಿ ಸಲವೂ ಕಣ್ಣು ಅಲ್ಲಿಗೇ ಹೋಗುತ್ತದೆ. ಮುಂದಿನ ರೆಕ್ಕೆ ಮರೆಯಾಗಿದ್ದರೂ ಇದೊಂದರಿಂದಲೇ ಲೆಸ್ಸರ್ ಅಂತ ಹೇಳಬಹುದು.

ಟೈನಿ ಹೆಸರಿಗೆ ತಕ್ಕಂತೆ ತೀರಾ ಚಿಕ್ಕದು, ಮುಂದಿನ ರೆಕ್ಕೆ ಸ್ವಲ್ಪ ಕಿರಿದು. ಆ ರೆಕ್ಕೆಯ ಮೇಲಂಚಿನ ಹತ್ತಿರ ಹೆಚ್ಚುವರಿ ಪುಟ್ಟ ಚುಕ್ಕೆ ಹುಡುಕಿ. ಗಾತ್ರ ಒಂದನ್ನೇ ನಂಬಬೇಡಿ, ಮರಿಹುಳಕ್ಕೆ ಮೇವು ಕಮ್ಮಿಯಾದರೆ ಬೇರೆ ಜಾತಿಯ ಚಿಟ್ಟೆಯೂ ಸಣ್ಣದಾಗಿಯೇ ಹೊರಬರುತ್ತದೆ.

ಉಳಿದದ್ದು ಪೇಲ್ ಮತ್ತು ಡಾರ್ಕ್. ಇಲ್ಲಿ ಮಾತ್ರ ಬಣ್ಣಕ್ಕೆ ಸ್ವಲ್ಪ ಬೆಲೆ ಕೊಡುತ್ತೇನೆ. ರೆಕ್ಕೆ ಬಿಚ್ಚಿದಾಗ ಪೇಲ್ ಗಂಡು ತಿಳಿ ಬೆಳ್ಳಿ ನೀಲಿ, ಡಾರ್ಕ್ ಗಂಡು ನೇರಳೆ ಬೆರೆತ ಗಾಢ ನೀಲಿ. ಬೇಸಿಗೆಯಲ್ಲಿ ಪೇಲ್‌ನ ಅಡಿಭಾಗದ ಗುರುತುಗಳು ಮಸುಕಾಗುವುದರಿಂದ ಮಳೆಗಾಲದಲ್ಲಿ ಕಲಿಯುವುದು ಸುಲಭ.

ಇನ್ನೂ ಅನುಮಾನವೇ? ಗಿಡ ನೋಡಿ. ಹೆಣ್ಣು ಹೊಟ್ಟೆ ಬಗ್ಗಿಸಿ ಎಲೆಗೆ ತಾಗಿಸುತ್ತಿದ್ದರೆ ಮೊಟ್ಟೆ ಇಡುತ್ತಿದೆ ಅಂತ ಅರ್ಥ. ಪುಳ್ಳಂಪುರಚಿ, ಅಂದರೆ ಮೂರೆಲೆಯ ಹುಳಿ ಸೊಪ್ಪಿನ ಮೇಲಾದರೆ ಪೇಲ್. ನೆಗ್ಗಿಲು ಮುಳ್ಳು, ಹರಿವೆ ಸೊಪ್ಪಾದರೆ ಡಾರ್ಕ್. ಲೆಸ್ಸರ್‌ಗೆ ಅವರೆ ಜಾತಿಯ ಸಣ್ಣ ಕಳೆಗಳು ಬೇಕು. ಕುಂಡದಲ್ಲಿ ತಾನೇ ಹುಟ್ಟಿದ ಪುಳ್ಳಂಪುರಚಿಯನ್ನು ನಾನು ಕೀಳುವುದಿಲ್ಲ. ಪೇಲ್ ನೀಲಿಗೆ ಅಷ್ಟೇ ಸಾಕು, ತಾರಸಿಗೂ ಬರುತ್ತದೆ.

ಹಿಂದಿನ ರೆಕ್ಕೆಯಲ್ಲಿ ಕಿತ್ತಳೆ ಕಂಡರೆ ಅದು ಈ ನಾಲ್ಕರಲ್ಲಿ ಯಾವುದೂ ಅಲ್ಲ. ಕೂದಲೆಳೆಯಂಥ ಬಾಲವೂ ಇದ್ದರೆ ಗ್ರಾಮ್ ಬ್ಲೂ ಅಥವಾ ಪ್ಲೇನ್ಸ್ ಕ್ಯುಪಿಡ್ ಇರಬಹುದು. ಗ್ರಾಮ್‌ನಲ್ಲಿ ಬಾಲದ ಹತ್ತಿರ ಕಿತ್ತಳೆ ಮುಡಿದ ಕಪ್ಪು ಚುಕ್ಕೆ ಎರಡು, ಕ್ಯುಪಿಡ್‌ನಲ್ಲಿ ಎದ್ದು ಕಾಣುವುದು ಒಂದೇ. ಮನೆಯಲ್ಲಿ ಸೈಕಸ್ (ತಾಳೆಯಂತೆ ಕಾಣುವ ಅಲಂಕಾರದ ಗಿಡ) ಇದ್ದರೆ ಹೊಸ ಸುಳಿ ಬಿಟ್ಟಾಗ ಬಗ್ಗಿ ನೋಡಿ. ಸುರುಳಿ ಬಿಚ್ಚದ ಎಳೆ ಗರಿಯಲ್ಲಿ ಕ್ಯುಪಿಡ್‌ನ ಮರಿಹುಳು, ಅದರ ಬೆನ್ನ ಮೇಲೆ ಓಡಾಡುವ ಇರುವೆಗಳು ಸಿಗುತ್ತವೆ. ಹುಳು ಒಸರುವ ಸಿಹಿ ರಸಕ್ಕಾಗಿ ಅವು ಸುತ್ತ ಕಾವಲಿರುತ್ತವೆ. ಔಷಧಿ ಹೊಡೆಯಬೇಡಿ. ಮುಂದಿನ ಸುಳಿ ಹೇಗೂ ಬರುತ್ತದೆ.