ಸ್ಕೂಲ್ ಡೇ ಕೊನೆಗೂ ಟೈಮಿಗೆ ಮುಗಿಸಿದ್ದು: ನನ್ನ ಅನುಭವ

ಈ ಸಲ ನಮ್ಮ ಸ್ಕೂಲ್ ಡೇ ಹಾಕಿಕೊಂಡ ಟೈಮಿಗಿಂತ 6 ನಿಮಿಷ ಮೊದಲೇ ಮುಗೀತು. "ಸ್ಕೂಲ್ ಫಂಕ್ಷನ್ ಎಲ್ಲಾದ್ರೂ ಟೈಮಿಗೆ ಮುಗಿಯುತ್ತಾ ಮೇಡಂ, ಸುಮ್ನೆ ತಲೆ ಕೆಡಿಸ್ಕೋಬೇಡಿ" ಅಂದೋರೇ ಈಗ ನನ್ನ ಶೀಟ್ ಕೇಳ್ತಿದಾರೆ, ಅದಕ್ಕೇ ಬರೀತಿದೀನಿ.

ಎರಡು ವರ್ಷದ ಹಿಂದೆ ಮೊದಲ ಸಲ ಜವಾಬ್ದಾರಿ ಬಂದಾಗ 22 ಐಟಂ, ಒಂದಕ್ಕೆ 4 ನಿಮಿಷ, ಭಾಷಣ ಬಹುಮಾನ ಎಲ್ಲಾ ಸೇರಿ ಎರಡೂವರೆ ಗಂಟೆ ಅಂತ ಲೆಕ್ಕ ಹಾಕಿದ್ದೆ, ಆಗಿದ್ದು ನಾಲ್ಕು ಗಂಟೆ ಹತ್ರ. ಕೊನೇಲಿ ಇಟ್ಟಿದ್ದ ಒಂದನೇ ಕ್ಲಾಸಿನ ಡ್ಯಾನ್ಸಿಗೆ ಕರೆಯೋಕೆ ಹೋದ್ರೆ ಒಂದು ಪುಟ್ಟ ಹುಡುಗಿ ಚಿಟ್ಟೆ ರೆಕ್ಕೆ ಕಟ್ಕೊಂಡೇ ಬ್ಯಾಗ್ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ಲು, ರೆಕ್ಕೆ ತಂತಿ ಒತ್ತಿ ಕೆನ್ನೆ ಮೇಲೆ ಗೆರೆ ಬಿದ್ದಿತ್ತು. ಎಬ್ಬಿಸೋಕೆ ಮನಸ್ಸಾಗ್ಲಿಲ್ಲ. ಅವತ್ತೇ ಹಠ ಬಂತು.

ರಜೆಯಲ್ಲಿ ಕೂತು ಇಡೀ ವಿಡಿಯೋ ಸ್ಟಾಪ್‌ವಾಚ್ ಹಿಡ್ಕೊಂಡು ನೋಡಿದೆ. ಐಟಂಗಳು ಹೆಚ್ಚುಕಡಿಮೆ ಹೇಳಿದ ಟೈಮಲ್ಲೇ ಇದ್ವು. ಟೈಮ್ ಹೋಗಿದ್ದು ಒಂದು ಐಟಂ ಮುಗಿದು ಇನ್ನೊಂದು ಶುರುವಾಗೋ ಮಧ್ಯೆ. ಮೈಕ್ ಎತ್ತೋದು, ಬೆಂಚು ಸರಿಸೋದು, ಒಂದು ಮಗು ಕಾಣ್ತಿಲ್ಲ ಅಂತ ಹುಡುಕೋದು, ಒಂದೊಂದಕ್ಕೆ ಎರಡೂವರೆ ನಿಮಿಷ. ಅಲ್ಲಿಗೇ ಐವತ್ತು ಚಿಲ್ಲರೆ ನಿಮಿಷ ಆಯ್ತಲ್ಲ, ಅದು ನಮ್ಮ ಪ್ಲ್ಯಾನಲ್ಲಿ ಎಲ್ಲೂ ಇರ್ಲೇ ಇಲ್ಲ! ಮಿಕ್ಕಿದ್ದನ್ನ ಭಾಷಣಗಳು ತಿಂದಿದ್ವು.

ಆಮೇಲೆ ಐಟಂ ಪಟ್ಟಿ ಬಿಟ್ಟು ಮಧ್ಯದ ಗ್ಯಾಪುಗಳ ಪಟ್ಟಿ ಮಾಡಿದೆ, ಪ್ರತಿ ಗ್ಯಾಪಿಗೂ ಒಬ್ಬರೇ ಇನ್‌ಚಾರ್ಜ್, ಇಬ್ಬರ ಹೆಸರು ಬರೆದ ಕಡೆ ಕೆಲಸ ಯಾರೂ ಮಾಡಿರ್ಲಿಲ್ಲ ಅಂತ ಮೊದಲ ವರ್ಷವೇ ಗೊತ್ತಾಗಿತ್ತು. 5ನೇ ಐಟಂ ಸ್ಟೇಜ್ ಮೇಲಿದ್ರೆ 6 ಪರದೆ ಪಕ್ಕ, 7 ಗ್ರೀನ್ ರೂಮ್ ಬಾಗಿಲಲ್ಲಿ. ಮಕ್ಕಳ ಹೆಸರು ಜೋಡಿಸಿ ನೋಡಿದ್ರೆ ಹದಿನಾಲ್ಕೋ ಹದಿನೈದೋ ಮಕ್ಕಳು ಬೆನ್ನುಬೆನ್ನಿಗೆ ಎರಡು ಐಟಂನಲ್ಲಿದ್ರು, ಡ್ರೆಸ್ ಬದಲಾಯಿಸೋಕೆ ಆ ಮಕ್ಕಳಿಗೆ ಟೈಮೆಲ್ಲಿ, ನಮ್ಮ ಕ್ರಿಟಿಕಲ್ ಪಾತ್, ಅಂದ್ರೆ ಎಲ್ಲಿ ತಡ ಆದ್ರೆ ಇಡೀ ಕಾರ್ಯಕ್ರಮವೇ ತಡ ಆಗುತ್ತೋ ಆ ದಾರಿ, ಅದೇ ಆಗಿತ್ತು. ಕ್ರಮ ಬದಲಿಸಿದೆ. ಒಂದಿಡೀ ಮಧ್ಯಾಹ್ನ ಡ್ಯಾನ್ಸೇ ಇಲ್ದೆ ಬರೀ ಹತ್ತೋದು ಇಳಿಯೋದು ಪ್ರ್ಯಾಕ್ಟೀಸ್ ಮಾಡಿಸಿದೆ, ಎಲ್ರೂ ನಕ್ಕರು. ಮೂರನೇ ಸುತ್ತಿಗೆ ಗ್ಯಾಪ್ 40 ಸೆಕೆಂಡಿಗೆ ಇಳೀತು, ನಗು ನಿಂತಿತು.

ದುಡ್ಡಿನ ವಿಷಯ. ಮೊದಲ ವರ್ಷ ಬಜೆಟ್ ಮೀರಿದ್ದು ಸುಮಾರು 20%, ಅದರಲ್ಲಿ ಮುಕ್ಕಾಲು ಪಾಲು ಕೊನೇ ವಾರದ್ದು. ಹಾಡು ಬದಲಾಯ್ತು ಅಂತ ಡ್ರೆಸ್ ಬಾಡಿಗೆ ಎರಡೆರಡು ಸಲ ಕೊಟ್ಟಿದ್ವಿ, ಸೆಲ್ಲು ಪಿನ್ನು ಟೇಪು ಅಂತ ತಂದಿದ್ದಕ್ಕೆ ಬಿಲ್ಲೇ ಇಲ್ಲ. ಸೌಂಡಿನವ್ರಿಗೆ ಪೂರ್ತಿ ಹಣ ಮುಂಚೆನೇ ಕೊಟ್ಟಿದ್ವಿ, ಕಾರ್ಡ್‌ಲೆಸ್ ಮೈಕ್ ಅರ್ಧದಲ್ಲಿ ಸತ್ತಾಗ ಕೇಳೋಕೆ ಅಲ್ಲಿ ಯಾರೂ ಇರ್ಲಿಲ್ಲ. ಈಗ ಅರ್ಧ ಅಡ್ವಾನ್ಸ್, ಉಳಿದಿದ್ದು ಪರದೆ ಬಿದ್ದ ಮೇಲೆ. ಮೂರು ವಾರ ಮುಂಚೆ ಎಲ್ಲಾ ಫ್ರೀಜ್, ಆಮೇಲೆ ಹಾಡು ಡ್ರೆಸ್ ಏನೂ ಬದಲಾಯಿಸೋ ಹಾಗಿಲ್ಲ, ಇದಕ್ಕೆ ಒಬ್ಬ ಸಹೋದ್ಯೋಗಿ ಒಂದು ತಿಂಗಳು ನನ್ನ ಜೊತೆ ಮಾತು ಬಿಟ್ಟಿದ್ರು, ಆದ್ರೂ ನಾನು ಬಗ್ಗಲಿಲ್ಲ. 15% ಮೀಸಲು ಹೆಡ್ ಮೇಡಂ ಹತ್ರ ಇಟ್ಟು ಬೇರೆ ಯಾರಿಗೂ ಹೇಳಿರ್ಲಿಲ್ಲ, ಹೇಳಿದ್ರೆ ಅದೂ ಕರಗ್ತಿತ್ತು. ಈ ಸಲ ಅದರಲ್ಲಿ ಮೂರನೇ ಒಂದು ಭಾಗವೂ ಮುಟ್ಟಿಲ್ಲ.

ನಡುವೆ ಬೇರೆ ಪ್ರಯೋಗನೂ ಮಾಡ್ದೆ. ಲ್ಯಾಪ್‌ಟಾಪಲ್ಲಿ ಯಾವ ಕೆಲಸ ಯಾವಾಗ ಶುರು, ಯಾವಾಗ ಮುಗೀಬೇಕು ಅಂತ ಪಟ್ಟಿ ಎಳೆದು ತೋರಿಸೋ ಚೆಂದದ ಗ್ಯಾಂಟ್ ಚಾರ್ಟ್ ಮಾಡಿ ಶೇರ್ ಮಾಡಿದ್ದೆ, ಯಾರೂ ತೆರೀಲಿಲ್ಲ, ಸ್ಟಾಫ್ ರೂಮ್ ಗೋಡೆ ಮೇಲೆ ಚಾರ್ಟ್ ಪೇಪರ್ ಅಂಟಿಸಿದ ದಿನದಿಂದ ಎಲ್ರೂ ನೋಡೋಕೆ ಶುರುಮಾಡಿದ್ರು. ಇನ್ನೊಂದು, ಅಮೆರಿಕದ ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ 2007ರಲ್ಲಿ ಬರೆದ ಪ್ರಿ-ಮಾರ್ಟಮ್, ಅಂದ್ರೆ ಕೆಲಸ ಶುರುವಾಗೋ ಮೊದಲೇ ಅದು ಕೆಟ್ಟಿತು ಅಂದ್ಕೊಂಡು ಕಾರಣ ಹುಡುಕೋದು, ಅದನ್ನ ಒಂಬತ್ತನೇ ಕ್ಲಾಸಿನ ಮಕ್ಕಳ ಜೊತೆ ಮಾಡಿದೆ. "ಕಾರ್ಯಕ್ರಮ ಕೆಟ್ಟುಹೋಯ್ತು ಅಂದ್ಕೊಳ್ಳಿ, ಯಾಕೆ ಕೆಡ್ತು ಹೇಳಿ" ಅಂದೆ. "ಮಿಸ್, ಹಾಡು ಹಾಕೋ ಲ್ಯಾಪ್‌ಟಾಪಿಗೆ ಮೆಸೇಜ್ ಬಂದ್ರೆ ಟಿಂಗ್ ಅನ್ನುತ್ತೆ" ಅಂದ ಒಬ್ಬ ಹುಡುಗ. ನಮ್ಮ ನಾಲ್ಕು ಮೀಟಿಂಗಲ್ಲಿ ಯಾರಿಗೂ ಹೊಳೆದಿರ್ಲಿಲ್ಲ. ಅವನನ್ನೇ ಆ ಲ್ಯಾಪ್‌ಟಾಪಿಗೆ ಕೂರಿಸಿದೆ, ನೆಟ್ ಆಫ್, ಫೈಲುಗಳಿಗೆ 01, 02 ಅಂತ ನಂಬರು, ಒಂದು ಹಾಡೂ ತಪ್ಪಲಿಲ್ಲ.

ಅತಿಥಿಗಳ ಭಾಷಣ 5 ನಿಮಿಷದಲ್ಲಿ ಹೇಗೆ ಮುಗಿಸಿದ್ರಿ ಅಂತ ಎಲ್ರೂ ಕೇಳ್ತಾರೆ. ಅದೊಂದು ನನ್ನ ಹತ್ರಾನೇ ಇರ್ಲಿ, ಮುಂದಿನ ವರ್ಷಕ್ಕೂ ಬೇಕು.

ಈ ಸಲ 18 ಐಟಂ, ಒಂದನೇ ಕ್ಲಾಸಿನವ್ರದ್ದು ಎರಡನೇದು, ಅರ್ಧ ಗಂಟೆ ಒಳಗೆ ಎಲ್ಲಾ ಚಿಕ್ಕಮಕ್ಕಳು ಅಪ್ಪ ಅಮ್ಮನ ತೊಡೆ ಮೇಲಿದ್ರು. ಬಹುಮಾನ ವಿತರಣೆ ಮಾತ್ರ ಇನ್ನೂ 25 ನಿಮಿಷ ತಿಂತಿದೆ, ವಿಡಿಯೋ ತಗೊಂಡಿದೀನಿ, ಈ ರಜೆಗೆ ಅದೇ ಕೆಲಸ.