ದೊಡ್ಡ ಗ್ರಾಫಿಕ್ಸ್ ಕಾರ್ಡನ್ನು ಕ್ಯಾಬಿನೆಟ್ಟಿನೊಳಗೆ ಕೂರಿಸುವ ಬಗೆ

ಕಂಪ್ಯೂಟರಿನ ಪರದೆಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಕೊಳ್ಳುವಾಗ ಹೆಚ್ಚಿನವರು ಕಾರ್ಡಿನ ಉದ್ದವನ್ನು ಕ್ಯಾಬಿನೆಟ್ಟಿನ, ಅಂದರೆ ಕಂಪ್ಯೂಟರಿನ ಹೊರಪೆಟ್ಟಿಗೆಯ, ವಿವರಪಟ್ಟಿಯಲ್ಲಿರುವ ಗರಿಷ್ಠ ಉದ್ದದೊಂದಿಗೆ ಹೋಲಿಸಿ ಅಲ್ಲಿಗೇ ನಿಲ್ಲಿಸುತ್ತಾರೆ. ನಾನೂ ಹಾಗೆಯೇ ಮಾಡಿದ್ದೆ. ಕಾರ್ಡ್ ಉದ್ದದಲ್ಲಿ ಸಲೀಸಾಗಿ ಹಿಡಿಯಿತು. ಆದರೆ ಪವರ್ ತಂತಿ ಸಿಕ್ಕಿಸಿದ ಮೇಲೆ ಅದು ಪಕ್ಕಕ್ಕೆ ಉಬ್ಬಿ ನಿಂತು, ಗಾಜಿನ ಬಾಗಿಲು ಒಂದು ಬೆರಳಿನಷ್ಟು ಅಂತರದಲ್ಲಿ ಮುಚ್ಚದೆ ಉಳಿಯಿತು. ಒತ್ತಿ ಮುಚ್ಚಬಹುದಿತ್ತು, ಆದರೆ ಆ ಒತ್ತಡವೆಲ್ಲ ಪ್ಲಗ್ಗಿನ ಮೇಲೆ ಬೀಳುತ್ತಿತ್ತು. ಆದ್ದರಿಂದ ಉದ್ದ, ಅಗಲ, ದಪ್ಪ ಮೂರನ್ನೂ ಅಳೆಯಬೇಕು. ಅದರಲ್ಲೂ ಅಗಲವನ್ನು ತಂತಿ ಸೇರಿಸಿಯೇ ಅಳೆಯಬೇಕು.

ಎನ್‌ವಿಡಿಯಾ 2022ರಲ್ಲಿ ಬಿಡುಗಡೆ ಮಾಡಿದ ಆರ್‌ಟಿಎಕ್ಸ್ 4090 ಕಾರ್ಡಿನ ಫೌಂಡರ್ಸ್ ಎಡಿಷನ್ (ಎನ್‌ವಿಡಿಯಾ ತನ್ನದೇ ಹೆಸರಲ್ಲಿ ಮಾರುವ ಮಾದರಿ) 304 ಮಿ.ಮೀ. ಉದ್ದ, 137 ಮಿ.ಮೀ. ಅಗಲ ಮತ್ತು ಮೂರು ಸ್ಲಾಟ್ (ಮದರ್‌ಬೋರ್ಡಿನಲ್ಲಿ ಕಾರ್ಡ್ ಸಿಕ್ಕಿಸುವ ಸೀಳು) ದಪ್ಪ ಇದೆ. ಅದೇ ಚಿಪ್ ಬಳಸಿ ಇತರ ಕಂಪನಿಗಳು ಮಾಡಿದ ಕಾರ್ಡುಗಳಲ್ಲಿ ಕೆಲವು 350 ಮಿ.ಮೀ. ದಾಟುತ್ತವೆ. ಹಾಗಾಗಿ ಚಿಪ್ಪಿನ ಹೆಸರು ನೋಡಿ ಅಳತೆ ಊಹಿಸಬಾರದು, ಕೊಳ್ಳುವ ಮಾದರಿಯದ್ದೇ ಅಳತೆ ನೋಡಬೇಕು. ಕ್ಯಾಬಿನೆಟ್ ತಯಾರಕರು ಕೊಡುವ ಗರಿಷ್ಠ ಉದ್ದವು ಮುಂಭಾಗ ಖಾಲಿ ಇದ್ದಾಗಿನದೋ, ಫ್ಯಾನ್ ಇದ್ದಾಗಿನದೋ ಎಂಬುದನ್ನೂ ಗಮನಿಸಬೇಕು. ಸಾಮಾನ್ಯ ಫ್ಯಾನಿನ ದಪ್ಪ 25 ಮಿ.ಮೀ.; ಅದರ ಜೊತೆಗೆ ನೀರಿನ ಕೂಲರಿನ ರೇಡಿಯೇಟರ್ (ಬಿಸಿ ನೀರನ್ನು ತಣಿಸುವ ಭಾಗ) ಇದ್ದರೆ ಎರಡೂ ಸೇರಿ 50 ಮಿ.ಮೀ.ಗಿಂತ ಹೆಚ್ಚು ಜಾಗ ಹೋಗುತ್ತದೆ.

ಅಗಲವೆಂದರೆ ಮದರ್‌ಬೋರ್ಡಿನಿಂದ ಪಕ್ಕದ ಬಾಗಿಲಿನ ಕಡೆಗೆ ಕಾರ್ಡ್ ಚಾಚಿಕೊಳ್ಳುವ ಅಳತೆ. ಹೊಸ 16 ಪಿನ್ನಿನ ಪವರ್ ಪ್ಲಗ್ ಇರುವ ಕಾರ್ಡುಗಳಲ್ಲಿ ತಂತಿ ಪ್ಲಗ್ಗಿನಿಂದ ಸುಮಾರು 35 ಮಿ.ಮೀ. ನೇರವಾಗಿ ಬಂದ ಮೇಲೆಯೇ ಬಾಗಬೇಕು ಎಂಬುದು ರೂಢಿಯಲ್ಲಿರುವ ಎಚ್ಚರಿಕೆ. ಅಂದರೆ 137 ಮಿ.ಮೀ. ಅಗಲದ ಕಾರ್ಡಿಗೆ ಅದೇ ಬದಿಯಲ್ಲಿ ಪ್ಲಗ್ ಇದ್ದರೆ 172 ಮಿ.ಮೀ. ಜಾಗ ಬೇಕೆಂದು ಲೆಕ್ಕ ಹಾಕುವುದು ಒಳ್ಳೆಯದು. ಕಾಗದದ ಮೇಲಿನ ಲೆಕ್ಕಕ್ಕಿಂತ ನನಗೆ ಹೆಚ್ಚು ನಂಬಿಕೆ ಇರುವುದು ರಟ್ಟಿನ ಮೇಲೆ: ಕಾರ್ಡಿನ ಉದ್ದ, ಅಗಲಕ್ಕೆ ಸರಿಯಾಗಿ ಒಂದು ರಟ್ಟನ್ನು ಕತ್ತರಿಸಿ, ಪ್ಲಗ್ ಬರುವ ಜಾಗದಲ್ಲಿ 35 ಮಿ.ಮೀ. ಚಾಚು ಬಿಟ್ಟು, ಸ್ಲಾಟಿನ ಮೇಲೆ ನಿಲ್ಲಿಸಿ ಬಾಗಿಲು ಮುಚ್ಚಿ ನೋಡಿದರೆ ಯಾವ ಅನುಮಾನವೂ ಉಳಿಯುವುದಿಲ್ಲ.

ದಪ್ಪದ ವಿಷಯ ಸರಳ. ಸ್ಲಾಟಿನಿಂದ ಸ್ಲಾಟಿಗೆ 20.32 ಮಿ.ಮೀ. ಅಂತರವಿರುತ್ತದೆ, ಮೂರು ಸ್ಲಾಟ್ ದಪ್ಪದ ಕಾರ್ಡಿಗೆ ಸುಮಾರು 61 ಮಿ.ಮೀ. ಬೇಕು. ಅದರ ಕೆಳಗೆ ಫ್ಯಾನುಗಳು ಗಾಳಿ ಎಳೆದುಕೊಳ್ಳಲು ಕನಿಷ್ಠ ಒಂದು ಸ್ಲಾಟಿನಷ್ಟಾದರೂ ತೆರವಿರಲಿ.

ಕೂರಿಸುವ ದಿನ ಕಂಪ್ಯೂಟರನ್ನು ಆಫ್ ಮಾಡಿ, ಗೋಡೆಯ ಪ್ಲಗ್ ತೆಗೆದು, ಪವರ್ ಬಟನ್ನನ್ನು ಕೆಲವು ಸೆಕೆಂಡು ಒತ್ತಿ ಹಿಡಿಯಿರಿ. ಒಳಗೆ ಉಳಿದ ವಿದ್ಯುತ್ ಖಾಲಿಯಾಗುತ್ತದೆ. ಕ್ಯಾಬಿನೆಟ್ಟನ್ನು ಪಕ್ಕಕ್ಕೆ ಮಲಗಿಸಿ, ಅದರ ಲೋಹದ ಭಾಗವನ್ನು ಮುಟ್ಟಿ ಮೈಯ ಸ್ಥಾಯೀ ವಿದ್ಯುತ್ತನ್ನು ಇಳಿಸಿಕೊಳ್ಳಿ. ಹಾರ್ಡ್ ಡಿಸ್ಕಿನ ತಂತಿಗಳನ್ನೂ ಮದರ್‌ಬೋರ್ಡಿನ ಕೆಳಅಂಚಿನ ತಂತಿಗಳನ್ನೂ ಮೊದಲೇ ಸಿಕ್ಕಿಸಿಬಿಡಬೇಕು, ಏಕೆಂದರೆ ಕಾರ್ಡ್ ಕೂತ ಮೇಲೆ ಅಲ್ಲಿಗೆ ಬೆರಳು ಹೋಗುವುದಿಲ್ಲ. ಹಿಂಬದಿಯ ಸ್ಲಾಟ್ ಮುಚ್ಚಳಗಳನ್ನು ಬಿಚ್ಚಿ, ಪ್ರೊಸೆಸರಿಗೆ ಹತ್ತಿರವಿರುವ ಉದ್ದನೆಯ ಸ್ಲಾಟಿನ ತುದಿಯಲ್ಲಿರುವ ಚಿಲಕವನ್ನು ತೆರೆಯಿರಿ.

ಉದ್ದನೆಯ ಕಾರ್ಡನ್ನು ನೇರವಾಗಿ ಇಳಿಸಲು ಹೋದರೆ ಮುಂದಿನ ಫ್ಯಾನಿಗೋ ಡಿಸ್ಕಿನ ಗೂಡಿಗೋ ತಗಲುತ್ತದೆ. ಕಾರ್ಡಿನ ದೂರದ ತುದಿಯನ್ನು ಮೊದಲು ಓರೆಯಾಗಿ ಕ್ಯಾಬಿನೆಟ್ಟಿನ ಮುಂಭಾಗಕ್ಕೆ ತೂರಿಸಿ, ಆಮೇಲೆ ಮಾನಿಟರ್ ಪೋರ್ಟುಗಳಿರುವ ತುದಿಯನ್ನು ಇಳಿಸಿದರೆ ಹೆಚ್ಚಿನ ಸಲ ದಾರಿ ಸಿಗುತ್ತದೆ. ಸಿಗದಿದ್ದರೆ ಮುಂದಿನ ಫ್ಯಾನನ್ನು ಬಿಚ್ಚಿ, ಕಾರ್ಡ್ ಕೂತ ಮೇಲೆ ಮತ್ತೆ ಹಾಕುವುದೇ ಕ್ಷೇಮ. ಬಲ ಪ್ರಯೋಗಿಸಿ ತಿರುಚುವ ಹತ್ತು ನಿಮಿಷಕ್ಕಿಂತ ನಾಲ್ಕು ಸ್ಕ್ರೂ ಬಿಚ್ಚುವ ಹತ್ತು ನಿಮಿಷ ಮೇಲು. ಪೋರ್ಟುಗಳಿರುವ ತುದಿಯ ಲೋಹದ ಪಟ್ಟಿಯ ನಾಲಿಗೆಯು ಮದರ್‌ಬೋರ್ಡಿಗೂ ಹಿಂಗೋಡೆಗೂ ನಡುವಿನ ಸಂದಿಗೆ ಇಳಿದಿದೆಯೇ ಎಂದು ನೋಡಿ, ಎರಡೂ ತುದಿಗಳನ್ನು ಸಮವಾಗಿ ಒತ್ತಿ. ಚಿಲಕ ಕಟ್ ಎಂದು ಕೂತ ಸದ್ದು ಕೇಳಬೇಕು, ಸ್ಲಾಟಿನೊಳಗೆ ಹೋಗುವ ಕಾರ್ಡಿನ ಅಂಚಿನ ಚಿನ್ನದ ಬಣ್ಣದ ಪಟ್ಟಿ ಹೊರಗೆ ಕಾಣಬಾರದು. ಆಮೇಲೆ ಸ್ಕ್ರೂ ಬಿಗಿಯಿರಿ.

ಸ್ಲಾಟ್ ಕೊಡಬಲ್ಲದ್ದು ಹೆಚ್ಚೆಂದರೆ 75 ವ್ಯಾಟ್, 8 ಪಿನ್ನಿನ ಒಂದು ಪ್ಲಗ್ 150 ವ್ಯಾಟ್. ಹಾಗಾಗಿ ಎರಡು ಮೂರು ಪ್ಲಗ್ಗು ಬೇಕಿರುವ ಕಾರ್ಡಿಗೆ ಪವರ್ ಸಪ್ಲೈನಿಂದ ಪ್ರತ್ಯೇಕ ತಂತಿಗಳನ್ನೇ ತನ್ನಿ, ಒಂದೇ ತಂತಿಯ ಕವಲುಗಳನ್ನು ನೆಚ್ಚಬೇಡಿ. 16 ಪಿನ್ನಿನ ಪ್ಲಗ್ 600 ವ್ಯಾಟ್‌ವರೆಗೆ ಹೊರುತ್ತದೆ, ಆದ್ದರಿಂದ ಅದು ಅರ್ಧ ಕೂತಿದ್ದರೆ ಅಪಾಯ. 2022ರಲ್ಲಿ ಕೆಲವು ಕಾರ್ಡುಗಳ ಪ್ಲಗ್ ಕರಗಿದ ದೂರುಗಳು ಬಂದಾಗ, ಪ್ಲಗ್ ಪೂರ್ತಿ ಒಳಗೆ ಹೋಗದಿದ್ದುದೇ ಸಾಮಾನ್ಯವಾಗಿ ಕಂಡ ದೋಷವೆಂದು ಎನ್‌ವಿಡಿಯಾ ಹೇಳಿತ್ತು. ಟಾರ್ಚ್ ಹಿಡಿದು ಪ್ಲಗ್ಗಿಗೂ ಸಾಕೆಟ್ಟಿಗೂ ನಡುವೆ ಬಿರುಕು ಉಳಿದಿಲ್ಲವೆಂದು ಕಣ್ಣಾರೆ ನೋಡಿಕೊಳ್ಳಿ.

ಎರಡು ಕಿಲೋ ತೂಕದ ಕಾರ್ಡ್ ಕ್ಯಾಬಿನೆಟ್ ನಿಲ್ಲಿಸಿದ ಕೂಡಲೇ ದೂರದ ತುದಿಯಲ್ಲಿ ಜೋಲುತ್ತದೆ. ಅದರ ಕೆಳಗೆ ಒಂದು ಊರೆಗೋಲನ್ನು ಕಾರ್ಡ್ ಸಮತಲಕ್ಕೆ ಬರುವಷ್ಟೇ ಎತ್ತರಿಸಿ ಕೊಡಿ. ಫ್ಯಾನಿನ ರೆಕ್ಕೆಗೆ ಊರೆಗೋಲಾಗಲಿ ತಂತಿಯಾಗಲಿ ತಾಗದಿರಲಿ.

ಮಾನಿಟರಿನ ತಂತಿಯನ್ನು ಮದರ್‌ಬೋರ್ಡಿಗಲ್ಲ, ಕಾರ್ಡಿಗೇ ಸಿಕ್ಕಿಸಿ ಆನ್ ಮಾಡಿ, ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಹಾಕಿ. ಕೊನೆಗೆ ಭಾರವಾದ ಒಂದು ಗೇಮನ್ನು ಬಾಗಿಲು ತೆರೆದು ಅರ್ಧ ಗಂಟೆ, ಮುಚ್ಚಿ ಅರ್ಧ ಗಂಟೆ ಓಡಿಸಿ ಕಾರ್ಡಿನ ತಾಪಮಾನ ನೋಡಿ. ಬಾಗಿಲು ಮುಚ್ಚಿದಾಗ ಬಿಸಿ ತೀರ ಏರಿದರೆ ಕಾರ್ಡಿಗೆ ಜಾಗ ಸಿಕ್ಕಿದೆ, ಗಾಳಿ ಸಿಕ್ಕಿಲ್ಲ. ಆಗ ಮುಂದಿನಿಂದಲೋ ಕೆಳಗಿನಿಂದಲೋ ಗಾಳಿ ಒಳತರುವ ಇನ್ನೊಂದು ಫ್ಯಾನ್ ಹಾಕಬೇಕು.