ಪಹಣಿ ಇನ್ನೂ ತೀರಿಕೊಂಡವರ ಹೆಸರಿನಲ್ಲಿದೆಯೇ? ಪೌತಿ ಖಾತೆ ಮಾಡಿಸಿಕೊಳ್ಳಿ

ತಂದೆಯೋ ತಾತನೋ ತೀರಿಕೊಂಡು ವರ್ಷಗಳೇ ಕಳೆದರೂ ಜಮೀನಿನ ಪಹಣಿ ಅವರ ಹೆಸರಿನಲ್ಲೇ ಉಳಿದಿರುವ ಮನೆಗಳು ನಮ್ಮ ಹಳ್ಳಿಗಳಲ್ಲಿ ಬಹಳ. ಸಾಗುವಳಿಗೆ ಅದರಿಂದ ಅಡ್ಡಿಯಿಲ್ಲವಾದ್ದರಿಂದ ಯಾರೂ ಗಮನ ಕೊಡುವುದಿಲ್ಲ. ಬೆಳೆ ಸಾಲ, ಬೆಳೆ ವಿಮೆ, ಬರ ಪರಿಹಾರಗಳಿಗೆ ಓಡಾಡುವಾಗಲೇ ತೊಡಕು ತಿಳಿಯುತ್ತದೆ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 128ನೇ ಕಲಮಿನಂತೆ ಹಕ್ಕು ದೊರೆತ ಮೂರು ತಿಂಗಳೊಳಗೆ ವಾರಸುದಾರರು ಅದನ್ನು ವರದಿ ಮಾಡಬೇಕು. ತಡವಾಗಿದ್ದರೂ ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಾಯಿಸಲು, ಅರ್ಜಿ ಕೊಡಲು ಹಿಂಜರಿಯಬೇಡಿ.

ಮರಣ ಪ್ರಮಾಣಪತ್ರ, ವಂಶವೃಕ್ಷ, ಇತ್ತೀಚಿನ ಪಹಣಿ ಹಾಗೂ ವಾರಸುದಾರರೆಲ್ಲರ ಆಧಾರ್ ಪ್ರತಿಗಳೊಂದಿಗೆ ನಾಡಕಚೇರಿಯಲ್ಲಿ ವಿಚಾರಿಸಿ. ಇವುಗಳಲ್ಲಿ ಹೆಚ್ಚು ಎಚ್ಚರ ಬೇಕಾದದ್ದು ವಂಶವೃಕ್ಷದಲ್ಲಿ. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರನ್ನು ಬಿಟ್ಟುಬಿಡುವ ರೂಢಿ ಇಂದಿಗೂ ಇದೆ; ಇದು ಅನ್ಯಾಯವಷ್ಟೇ ಅಲ್ಲ, ಅವಿವೇಕವೂ ಹೌದು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಂತೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿರುವುದರಿಂದ, ಅವರು ತಕರಾರು ಸಲ್ಲಿಸಿದರೆ ಖಾತೆ ಬದಲಾವಣೆ ಅಲ್ಲಿಗೇ ನಿಂತು ವಿಚಾರಣೆಗೆ ಹೋಗುತ್ತದೆ. ಪಾಲು ಬೇಡವೆನ್ನುವವರು ಮುಂದೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರ ಬರೆದುಕೊಡಬಹುದು.

ಹೊಸ ಪಹಣಿ ಕೈಗೆ ಬಂದ ಕೂಡಲೇ 9ನೇ ಅಂಕಣದ ಹೆಸರುಗಳು ಆಧಾರ್‌ನಲ್ಲಿರುವಂತೆಯೇ ಇವೆಯೇ, 11ನೇ ಅಂಕಣದಲ್ಲಿ ಎಂದೋ ತೀರಿಸಿದ ಸಾಲ ಹಾಗೆಯೇ ಉಳಿದಿದೆಯೇ ಎಂದು ನೋಡಿಕೊಳ್ಳಿ. ಉಳಿದಿದ್ದರೆ ಬ್ಯಾಂಕಿನಿಂದ ಋಣಮುಕ್ತ ಪತ್ರ ಪಡೆದು ತೆಗೆಸಿಹಾಕಬೇಕು. ಪೌತಿ ಖಾತೆಯಾದ ಮಾತ್ರಕ್ಕೆ ಜಮೀನು ವಿಭಾಗವಾಗುವುದಿಲ್ಲ, ಹೆಸರುಗಳು ಜಂಟಿಯಾಗಿಯೇ ಬರುತ್ತವೆ. ಬೇರೆ ಬೇರೆ ಪಹಣಿ ಬೇಕೆನ್ನುವವರು ಪಾಲುಗಳನ್ನು ಅಳೆದು ಗುರುತಿಸುವ 11ಇ ನಕ್ಷೆ ಮಾಡಿಸಿ ವಿಭಾಗ ಪತ್ರವನ್ನು ನೋಂದಾಯಿಸಬೇಕಾಗುತ್ತದೆ.